ಫ್ಯಾನ್ ಪೇಜಿನಿಂದ ಬೀದಿಗೆ

2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನಲ್ಲಿ ನೇಪಾಳ ಸರ್ಕಾರದ ಆಡಳಿತ ಕೇಂದ್ರವಾದ ಸಿಂಹ ದರ್ಬಾರ್ ಹೊತ್ತಿ ಉರಿಯಿತು. ಅಂದು ತೆಗೆದ ಫೋಟೊ ಒಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹಿಂದೆ ಬೆಂಕಿ, ಮುಂದೆ ಗೇಟು, ಗೇಟಿಗೆ ಕಟ್ಟಿದ ಒಂದು ಕಪ್ಪು ಬಾವುಟ. ಬಾವುಟದ ಮೇಲೆ ಹುಲ್ಲಿನ ಟೋಪಿ ಹಾಕಿಕೊಂಡು ಹಲ್ಲು ಕಿರಿಯುತ್ತಿರುವ ತಲೆಬುರುಡೆ. ಟೀವಿ ಮುಂದೆ ಕೂತ ಹಿರಿಯರು ಇದು ಯಾವ ಪಕ್ಷದ ಬಾವುಟ ಎಂದು ತಲೆ ಕೆರೆದುಕೊಂಡಿರಬಹುದು. ಮನೆಯ ಹೈಸ್ಕೂಲು ಹುಡುಗರಿಗೆ ಮಾತ್ರ ನೋಡಿದ ಕೂಡಲೇ ಗೊತ್ತಾಗಿತ್ತು: ಅದು ಲೂಫಿಯ ಬಾವುಟ.

ಲೂಫಿ ಇರುವುದು ಜಪಾನಿನ ಐಇಚಿರೊ ಓಡಾ 1997ರಿಂದ ಬರೆಯುತ್ತ, ಬಿಡಿಸುತ್ತ ಬಂದಿರುವ ‘ಒನ್ ಪೀಸ್’ ಎಂಬ ಮಾಂಗಾದಲ್ಲಿ. 50 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿರುವ ಕಾಮಿಕ್ಸ್ ಅದು. ಲೂಫಿ ಕಡಲ್ಗಳ್ಳ. ಆದರೆ ಕಥೆಯೊಳಗೆ ನಿಜವಾಗಿ ಜನರನ್ನು ದೋಚುವವರು ದೊಡ್ಡ ಕುರ್ಚಿಗಳಲ್ಲಿ ಕೂತ ಸರ್ಕಾರದ ಮಂದಿ. ಅವನು, ಅವನ ಗೆಳೆಯರು ಸಿಕ್ಕ ಸಿಕ್ಕ ದ್ವೀಪಗಳಲ್ಲಿ ಅಂಥವರನ್ನು ಎದುರು ಹಾಕಿಕೊಳ್ಳುತ್ತಾರೆ.

ಈ ಬಾವುಟ ಮೊದಲು ಬೀದಿಗೆ ಬಂದು ಸುದ್ದಿಯಾದದ್ದು ಇಂಡೋನೇಷ್ಯಾದಲ್ಲಿ, ಅದೂ ಲಾರಿ ಚಾಲಕರ ಕೈಯಲ್ಲಿ. 2025ರ ಆಗಸ್ಟ್ 17ಕ್ಕೆ ಆ ದೇಶದ ಸ್ವಾತಂತ್ರ್ಯಕ್ಕೆ 80 ವರ್ಷ. ಮನೆಮನೆಯ ಮೇಲೆ ಕೆಂಪು–ಬಿಳಿ ರಾಷ್ಟ್ರಧ್ವಜ ಹಾರಲಿ ಎಂದು ಅಧ್ಯಕ್ಷ ಪ್ರಬೋವೊ ಸುಬಿಯಾಂತೊ ಕರೆ ಕೊಟ್ಟಿದ್ದರು. ಸರ್ಕಾರದ ನೀತಿಗಳಿಂದ ಬೇಸತ್ತಿದ್ದವರು ಅದರ ಬದಲು, ಇಲ್ಲವೇ ಅದರ ಕೆಳಗೆ, ಲೂಫಿಯ ತಲೆಬುರುಡೆ ಕಟ್ಟಿದರು. ಕಂಡವರು ಫೋಟೊ ಹಾಕಿದರು, ಫೋಟೊ ಕಂಡವರು ತಾವೂ ಕಟ್ಟಿದರು. ಗೋಡೆಗಳ ಮೇಲೆ, ರಸ್ತೆಯ ಮೇಲೆ ಅದನ್ನೇ ಬಿಡಿಸಿದರು. ದೇಶ ಒಡೆಯುವ ಸಂಚು ಎಂದು ಕೆಲವು ರಾಜಕಾರಣಿಗಳು ಗುಡುಗಿದರು, ಅಧಿಕಾರಿಗಳು ಗೋಡೆಚಿತ್ರ ಅಳಿಸಲು ಬಣ್ಣದ ಡಬ್ಬಿ ಹಿಡಿದು ಹೊರಟರು. ಕಾಮಿಕ್ಸ್ ಬಾವುಟಕ್ಕೆ ಸರ್ಕಾರವೇ ಹೆದರಿದೆ ಎಂಬುದಕ್ಕಿಂತ ದೊಡ್ಡ ಪ್ರಚಾರ ಅದಕ್ಕೆ ಇನ್ನೇನು ಬೇಕಿತ್ತು? ಕೆಲವೇ ವಾರಗಳಲ್ಲಿ ಅದು ನೇಪಾಳ ತಲುಪಿತು. ತಿಂಗಳು ಕಳೆಯುವುದರೊಳಗೆ ಮಡಗಾಸ್ಕರ್‌ನಲ್ಲೂ ಹಾರಿತು. ಅಲ್ಲಿನ ಹುಡುಗರು ತಲೆಬುರುಡೆಯನ್ನು ಹಾಗೇ ಬಿಟ್ಟು ಟೋಪಿಯನ್ನಷ್ಟೇ ಬದಲಿಸಿದರು: ಲೂಫಿಯ ಹುಲ್ಲುಟೋಪಿಯ ಜಾಗದಲ್ಲಿ ತಮ್ಮ ನಾಡಿನ ಬೆತ್ಸಿಲೆಯೊ ಜನ ತೊಡುವ ಟೋಪಿ. ಮೂಲ ಚಿತ್ರ ಯಾರದೋ, ತಿದ್ದುಪಡಿ ತಮ್ಮದು. ಫ್ಯಾನ್ ಆರ್ಟ್ ಎಂಬುದು ಸದಾ ಕೆಲಸ ಮಾಡುವುದೇ ಹೀಗೆ.

ಇಂಥ ಚಿಹ್ನೆಗೆ ಇರುವ ಅನುಕೂಲ ಪಕ್ಷದ ಬಾವುಟಕ್ಕೆ ಇಲ್ಲ. ಪಕ್ಷದ ಬಾವುಟ ಹಿಡಿದವನಿಗೆ ಅದರ ಹಳೆಯ ಹಗರಣಗಳೆಲ್ಲ ಅಂಟಿಕೊಳ್ಳುತ್ತವೆ. ಲೂಫಿಯ ಬಾವುಟಕ್ಕೆ ಯಾವ ಹಗರಣವೂ ಇಲ್ಲ, ಬಂಧಿಸಲು ಅದಕ್ಕೊಬ್ಬ ಅಧ್ಯಕ್ಷನೂ ಇಲ್ಲ.

ನೇಪಾಳದ ಕಥೆಯಲ್ಲಿ ಜಾಲತಾಣದ ಪಾತ್ರ ಬಾವುಟಕ್ಕಿಂತ ದೊಡ್ಡದು. ನೋಂದಣಿ ಮಾಡಿಸಿಲ್ಲ ಎಂಬ ಕಾರಣಕ್ಕೆ ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಸೇರಿ 26 ತಾಣಗಳನ್ನು ಬಂದ್ ಮಾಡಿತು. ಅದಕ್ಕೂ ಮೊದಲೇ ‘ನೆಪೋ ಕಿಡ್ಸ್’ ಎಂಬ ಹ್ಯಾಷ್‌ಟ್ಯಾಗ್ ಓಡುತ್ತಿತ್ತು. ರಾಜಕಾರಣಿಗಳ ಮಕ್ಕಳ ಐಷಾರಾಮಿ ಫೋಟೊಗಳ ಪಕ್ಕಕ್ಕೆ, ಗಲ್ಫ್ ದೇಶಗಳಿಗೆ ದುಡಿಯಲು ಹೋಗುವ ಬಡವರ ಮಕ್ಕಳ ಚಿತ್ರ ಇಟ್ಟು ಮಾಡಿದ ವಿಡಿಯೊಗಳು. 8ರಂದು ಬೀದಿಗಿಳಿದವರ ಮೇಲೆ ಗುಂಡು ಹಾರಿ ಆ ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಮುಂದಿನ ಮಧ್ಯಂತರ ಪ್ರಧಾನಿ ಯಾರಾಗಬೇಕೆಂದು ಹೋರಾಟಗಾರರು ಚರ್ಚಿಸಿ ಮತ ಹಾಕಿದ್ದು ಡಿಸ್ಕಾರ್ಡ್‌ನಲ್ಲಿ. ವಿಡಿಯೊ ಗೇಮ್ ಆಡುವವರು ಹರಟೆ ಹೊಡೆಯಲಿ ಎಂದು ಹುಟ್ಟಿಕೊಂಡ ತಾಣ ಅದು! ಅಲ್ಲಿ ಮೇಲುಗೈ ಪಡೆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ 12ರಂದು ಪ್ರಮಾಣವಚನ ಸ್ವೀಕರಿಸಿದರು.

ಕಾಮಿಕ್ಸ್ ಓದಿಕೊಂಡು, ಗೇಮ್ ಆಡಿಕೊಂಡು ಇದ್ದವರಿಗೆ ಇಷ್ಟೆಲ್ಲ ಸಂಘಟನೆ ಎಲ್ಲಿಂದ ಬಂತು ಎಂದು ಅಚ್ಚರಿಪಡುವವರು ಒಮ್ಮೆ ಯಾವುದಾದರೂ ಕನ್ನಡ ನಟರ ಹುಟ್ಟುಹಬ್ಬದ ಹಿಂದಿನ ವಾರ ಅಭಿಮಾನಿಗಳ ಖಾತೆಗಳನ್ನು ನೋಡಬೇಕು. ಮೊದಲು ‘ಕಾಮನ್ ಡಿಪಿ’ ಬರುತ್ತದೆ. ಫೋಟೊಶಾಪ್ ಬಲ್ಲ ಅಭಿಮಾನಿಯೊಬ್ಬ ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ ಪೋಸ್ಟರ್. ನಡುವೆ ನಟ, ಹಿಂದೆ ಅವರ ಹಳೆಯ ಪಾತ್ರಗಳು, ಮೂಲೆಯಲ್ಲೊಂದು ಸಿಂಹವೋ ಹದ್ದೋ, ಕೆಳಗೆ ತೀರ ಸಣ್ಣ ಅಕ್ಷರದಲ್ಲಿ ಡಿಸೈನ್ ಮಾಡಿದವನ ಹೆಸರು. ಅದನ್ನು ಇನ್ನೊಬ್ಬ ನಟನ ಕೈಯಲ್ಲಿ ಬಿಡುಗಡೆ ಮಾಡಿಸುತ್ತಾರೆ, ಎಲ್ಲರೂ ತಮ್ಮ ಖಾತೆಗೆ ಅದೇ ಚಿತ್ರ ಹಾಕಿಕೊಳ್ಳುತ್ತಾರೆ. ಆಮೇಲೆ ಹ್ಯಾಷ್‌ಟ್ಯಾಗ್. ಸಂಜೆ 6ಕ್ಕೆ ಟ್ಯಾಗ್ ಬಿಡುತ್ತೇವೆ, ಅದಕ್ಕೆ ಮುಂಚೆ ಯಾರೂ ಬಳಸಬೇಡಿ, ಸ್ಪೆಲಿಂಗ್ ತಪ್ಪಬೇಡಿ, ಒಂದು ಪೋಸ್ಟಿಗೆ ಒಂದೇ ಟ್ಯಾಗ್ ಇರಲಿ ಎಂದು ಗುಂಪುಗಳಲ್ಲಿ ಸೂಚನೆ ಹೋಗುತ್ತದೆ. ದಿನವಿಡೀ ಚೆಲ್ಲಾಪಿಲ್ಲಿಯಾಗಿ ಬಂದ ಪೋಸ್ಟುಗಳಿಗಿಂತ ಒಂದೇ ಹೊತ್ತಿನಲ್ಲಿ ಮುಗಿಬಿದ್ದ ಪೋಸ್ಟುಗಳನ್ನೇ ಟ್ರೆಂಡಿಂಗ್ ಪಟ್ಟಿ ಮೇಲಕ್ಕೆತ್ತುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಜೊತೆಗೆ ರಕ್ತದಾನ, ಅನ್ನದಾನಕ್ಕೆ ಚಂದಾ ಎತ್ತುವುದು, ಲೆಕ್ಕ ಒಪ್ಪಿಸುವುದು. ಚುನಾವಣಾ ಕಚೇರಿಗಳು ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಇವರು ಕೈಯಿಂದ ದುಡ್ಡು ಹಾಕಿ ಮಾಡುತ್ತಾರೆ. ಹೊರಗಿನವರ ಕಣ್ಣಿಗೆ ಮಾತ್ರ ಇವರು ಕೆಲಸವಿಲ್ಲದ ಹುಡುಗರು.

ಕೊರಿಯಾದ ಪಾಪ್ ತಂಡಗಳ ಅಭಿಮಾನಿಗಳಲ್ಲಿ ಈ ಕಸುಬು ಇನ್ನೂ ಪಳಗಿದೆ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರಿಂದ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಮೇಲೆ ಡಲ್ಲಾಸ್ ಪೊಲೀಸರು ಪ್ರತಿಭಟನೆಗಳಲ್ಲಿ ಕಾನೂನು ಮುರಿಯುವವರ ವಿಡಿಯೊ ಕಳಿಸಿ ಎಂದು ತಮ್ಮ ಆ್ಯಪ್‌ನ ವಿಳಾಸ ಕೊಟ್ಟರು. ಅದಕ್ಕೆ ರಾಶಿ ರಾಶಿಯಾಗಿ ಬಂದದ್ದು ಕೆ-ಪಾಪ್ ಹುಡುಗರು ಕುಣಿಯುವ ವಿಡಿಯೊಗಳು. ಆ್ಯಪ್ ಕೆಟ್ಟು ನಿಂತಿತು. ಜೂನ್‌ನಲ್ಲಿ ಬಿಟಿಎಸ್ ತಂಡ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ಗೆ 10 ಲಕ್ಷ ಡಾಲರ್ ಕೊಟ್ಟಿತು ಎಂಬ ಸುದ್ದಿ ಬಂದ ಬೆನ್ನಿಗೇ, ‘ಆರ್ಮಿ’ ಎಂದು ಕರೆದುಕೊಳ್ಳುವ ಅದರ ಅಭಿಮಾನಿಗಳು ಅಷ್ಟೇ ಮೊತ್ತವನ್ನು ಒಂದು ದಿನದ ಆಸುಪಾಸಿನಲ್ಲಿ ಎತ್ತಿ ತೋರಿಸಿದರು. ಅದೇ ತಿಂಗಳ 20ರಂದು ಟಲ್ಸಾದಲ್ಲಿ ಡೊನಾಲ್ಡ್ ಟ್ರಂಪ್ ರ‍್ಯಾಲಿ. 10 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೇಳಿದ್ದಾರೆ ಎಂದು ಪ್ರಚಾರ ತಂಡ ಬೀಗಿತ್ತು. ಅಗ್ನಿಶಾಮಕ ಇಲಾಖೆ ಎಣಿಸಿದಾಗ ಒಳಗಿದ್ದವರು ಸುಮಾರು 6,200. ಬರುವ ಉದ್ದೇಶವೇ ಇಲ್ಲದೆ ಹೆಸರು ಕೊಟ್ಟವರಲ್ಲಿ ಟಿಕ್‌ಟಾಕ್ ಹುಡುಗರು, ಕೆ-ಪಾಪ್ ಅಭಿಮಾನಿಗಳು ಬಹಳ ಮಂದಿ. ಅವರಿಂದಲೇ ಸಭಾಂಗಣ ಖಾಲಿಯಾಯಿತು ಎನ್ನುವುದು ಮಾತ್ರ ಪೂರ್ತಿ ಸರಿಯಲ್ಲ, ಮೊದಲು ಬಂದವರಿಗೆ ಸೀಟು ಎಂಬ ವ್ಯವಸ್ಥೆಯಿತ್ತು. ಪ್ರಚಾರ ತಂಡದ ನಿರೀಕ್ಷೆ ಊದಿಕೊಂಡದ್ದಂತೂ ಹೌದು. ಹೊರಗೆ ಸೇರುವ ಜನಸಾಗರಕ್ಕೆಂದು ಕಟ್ಟಿದ್ದ ಇನ್ನೊಂದು ವೇದಿಕೆಯನ್ನು ಭಾಷಣವಿಲ್ಲದೆ ಕಳಚಬೇಕಾಯಿತು.

ಅಭಿಮಾನ ಮತ್ತು ರಾಜಕೀಯ ಎಷ್ಟು ಆಳಕ್ಕೆ ಬೆರೆಯಬಹುದು ಎಂಬುದಕ್ಕೆ ಅಮೆರಿಕಕ್ಕಿಂತ ಥಾಯ್ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿ ರಾಜಮನೆತನದ ಬಗ್ಗೆ ಬಾಯಿ ತೆರೆಯುವುದೇ ಅಪಾಯ. ದಂಡಸಂಹಿತೆಯ 112ನೇ ಕಲಮಿನಡಿ ಒಂದೊಂದು ಮಾತಿಗೂ 3ರಿಂದ 15 ವರ್ಷ ಜೈಲು. ನೇರವಾಗಿ ಹೇಳಲಾಗದ್ದನ್ನು ಹೇಳಲು ಹುಡುಗರು ತಾವು ಓದಿದ, ನೋಡಿದ ಕಥೆಗಳನ್ನೇ ಹಿಡಿದರು. 2014ರ ಮೇ ತಿಂಗಳಲ್ಲಿ ಸೇನೆ ಅಧಿಕಾರ ಹಿಡಿದಾಗ ‘ಹಂಗರ್ ಗೇಮ್ಸ್’ ಸಿನಿಮಾದ ಮೂರು ಬೆರಳಿನ ವಂದನೆ ಪ್ರತಿಭಟನೆಯ ಗುರುತಾಯಿತು. ಆ ವರ್ಷ ನವೆಂಬರ್‌ನಲ್ಲಿ ಖೋನ್ ಕೇನ್‌ನಲ್ಲಿ ಸೇನಾಡಳಿತದ ಮುಖ್ಯಸ್ಥ ಪ್ರಯುತ್ ಚಾನ್-ಓಚಾ ಭಾಷಣ ಮಾಡುವಾಗ ಎದುರು ನಿಂತು ಮೂರು ಬೆರಳೆತ್ತಿದ ಐವರು ವಿದ್ಯಾರ್ಥಿಗಳನ್ನು ಹಿಡಿದೊಯ್ದರು.

2020ರಲ್ಲಿ ಇದು ಹಬ್ಬದ ರೂಪ ಪಡೆಯಿತು. ಜುಲೈನಲ್ಲಿ ಬ್ಯಾಂಕಾಕ್‌ನ ಪ್ರಜಾಪ್ರಭುತ್ವ ಸ್ಮಾರಕದ ಸುತ್ತ ಹುಡುಗರು ಓಡಿದರು, ‘ಹ್ಯಾಮ್‌ಟಾರೊ’ ಎಂಬ ಜಪಾನಿ ಕಾರ್ಟೂನಿನ ಮಕ್ಕಳ ಹಾಡು ಹಾಡುತ್ತ. ಮೂಲದಲ್ಲಿ ಪುಟ್ಟ ಹ್ಯಾಮ್‌ಸ್ಟರ್‌ಗೆ ಸೂರ್ಯಕಾಂತಿ ಬೀಜ ಇಷ್ಟ. ಇವರ ಸಾಹಿತ್ಯದಲ್ಲಿ ಅದಕ್ಕೆ ತುಂಬ ರುಚಿಸುವುದು ತೆರಿಗೆದಾರರ ದುಡ್ಡು! ಆಗಸ್ಟ್ 3ರಂದು ಹ್ಯಾರಿ ಪಾಟರ್ ವೇಷದ ಪ್ರತಿಭಟನೆ: ಮೈಮೇಲೆ ನಿಲುವಂಗಿ, ಕೈಯಲ್ಲಿ ಮಂತ್ರದಂಡ. ಹೆಸರು ಹೇಳಬಾರದ ದುಷ್ಟನೊಬ್ಬ ಆ ಕಥೆಯಲ್ಲಿದ್ದಾನೆ ಎಂಬುದು ನೆರೆದವರಿಗೆಲ್ಲ ಗೊತ್ತು, ಆದ್ದರಿಂದ ಯಾರೂ ಏನನ್ನೂ ಬಿಡಿಸಿ ಹೇಳಬೇಕಿರಲಿಲ್ಲ. ಅಂದು ವಕೀಲ ಅನೊನ್ ನಂಪಾ ಮಾತ್ರ ವೇದಿಕೆಯ ಮೇಲೆ ಬಿಡಿಸಿಯೇ ಹೇಳಿದರು. ರಾಜಪ್ರಭುತ್ವಕ್ಕೆ ಸುಧಾರಣೆ ಬೇಕೆಂದು ಬಹಿರಂಗವಾಗಿ ಕೇಳಿದರು. 2023ರ ಸೆಪ್ಟೆಂಬರ್‌ನಲ್ಲಿ, 2020ರ ಇನ್ನೊಂದು ಭಾಷಣಕ್ಕಾಗಿ ಅವರಿಗೆ 4 ವರ್ಷ ಜೈಲು ಶಿಕ್ಷೆಯಾಯಿತು. ಮಂತ್ರದಂಡ ಹಿಡಿದ ಆಟ ಎಲ್ಲಿಗೆ ಬಂದು ಮುಟ್ಟಬಹುದು ಎಂಬುದನ್ನು ಆ ಫೋಟೊಗಳನ್ನು ನೋಡಿ ನಗುವವರು ಮರೆಯುವಂತಿಲ್ಲ.

2020ರ ಅಕ್ಟೋಬರ್‌ನಲ್ಲಿ ಪೊಲೀಸರು ಜಲಫಿರಂಗಿ ಹಾರಿಸಿದ ಮೇಲೆ ಕೆ-ಪಾಪ್ ಅಭಿಮಾನಿ ಗುಂಪುಗಳು ಹೆಲ್ಮೆಟ್ಟು, ಕನ್ನಡಕ, ವಕೀಲರ ಖರ್ಚಿಗೆಂದು ಸುಮಾರು 40 ಲಕ್ಷ ಬಾತ್ ಎತ್ತಿಕೊಟ್ಟವು. ಚಂದಾ ಎತ್ತುವುದು ಅವರಿಗೆ ಹೊಸದಲ್ಲ. ನೆಚ್ಚಿನ ಗಾಯಕರ ಹುಟ್ಟುಹಬ್ಬಕ್ಕೆ ಬ್ಯಾಂಕಾಕ್‌ನ ರೈಲು ನಿಲ್ದಾಣಗಳಲ್ಲಿ ದುಬಾರಿ ಜಾಹೀರಾತು ಹಾಕಿಸುವುದು ಅವರ ವಾಡಿಕೆ. ಆ ಎತ್ತರದ ರೈಲಿನ ಹೆಸರೂ ಬಿಟಿಎಸ್ಸೇ, ಕೊರಿಯಾ ತಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರತಿಭಟನೆಗೆ ಜನ ಸೇರದಿರಲಿ ಎಂದು ನಿಲ್ದಾಣಗಳನ್ನು ಮುಚ್ಚಿದಾಗ ಅಭಿಮಾನಿಗಳು ಇನ್ನು ಮುಂದೆ ರೈಲಿಗೆ ಜಾಹೀರಾತಿಲ್ಲ ಎಂದು ನಿರ್ಧರಿಸಿದರು. ಹಣ ಹೋದದ್ದು ಕೊರೊನಾದಿಂದ ಪ್ರವಾಸಿಗರಿಲ್ಲದೆ ಕಂಗಾಲಾಗಿದ್ದ ಟುಕ್‌ಟುಕ್ ಚಾಲಕರಿಗೆ. ನಗರದ ಆಟೊಗಳ ಹಿಂದೆ ಕೊರಿಯಾದ ಗಾಯಕ ಗಾಯಕಿಯರ ಬ್ಯಾನರ್, ಒಂದಕ್ಕೆ ತಿಂಗಳಿಗೆ 600 ಬಾತ್‌ನಷ್ಟು. ಆ ಗಾಯಕರ ಹೆಸರನ್ನೇ ಕೇಳಿರದ ಚಾಲಕರ ಸಂಸಾರ ಆ ದುಡ್ಡಿನಲ್ಲಿ ಕೆಲ ಕಾಲ ನಡೆಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ‘2ಗೆದರ್’ ಎಂಬ ಥಾಯ್ ಧಾರಾವಾಹಿಯ ನಟ ಬ್ರೈಟ್ ಒಂದು ಪೋಸ್ಟನ್ನು ಮೆಚ್ಚಿಕೊಂಡರು. ಹಾಂಕಾಂಗನ್ನು ಬೇರೆ ದೇಶ ಎಂಬಂತೆ ಹೇಳಿದ್ದ ಪೋಸ್ಟ್ ಅದು. ಚೀನಾದ ಅಭಿಮಾನಿಗಳು ಸಿಟ್ಟಿಗೆದ್ದು ಥಾಯ್ ಸರ್ಕಾರವನ್ನೂ ರಾಜನನ್ನೂ ಬೈದರು. ಥಾಯ್ ಹುಡುಗರು ಸಿಟ್ಟಾಗುವ ಬದಲು ನಕ್ಕರು, ಇನ್ನಷ್ಟು ಬೈಯಿರಿ ಎಂದರು! ತಾವು ಹೇಳಿದರೆ ಜೈಲು, ಹೊರಗಿನವರೇ ಹೇಳಿದರೆ ಪುಕ್ಕಟೆ. ಹಾಂಕಾಂಗ್, ತೈವಾನ್‌ನವರು ಇವರ ಜೊತೆ ಸೇರಿದರು. ಮೂರು ಕಡೆಯೂ ಹಾಲು ಹಾಕಿದ ಚಹಾ ಕುಡಿಯುವ ರೂಢಿ ಇರುವುದರಿಂದ ಅದಕ್ಕೆ ‘ಮಿಲ್ಕ್ ಟೀ ಅಲಯನ್ಸ್’ ಎಂಬ ಹೆಸರು ಬಂತು. ಥಾಯ್ ಕಲಾವಿದ ಸಿನಾ ವಿಟ್ಟಯವಿರೋಜ್ ಮೂರು ಊರಿನ ಚಹಾ ಒಟ್ಟಿಗೆ ಎತ್ತಿ ಹಿಡಿದ ಚಿತ್ರ ಬರೆದರು, ಅದು ಹುಚ್ಚೆದ್ದು ಹರಡಿತು. ಮುಂದಿನ ವರ್ಷ ಮ್ಯಾನ್ಮಾರ್‌ನ ಹೋರಾಟಗಾರರೂ ಆ ಗುಂಪಿಗೆ ಬಂದರು, 2021ರ ಏಪ್ರಿಲ್‌ನಲ್ಲಿ ಟ್ವಿಟರ್ ಅದಕ್ಕೊಂದು ಇಮೋಜಿಯನ್ನೇ ಕೊಟ್ಟಿತು. ಧಾರಾವಾಹಿ ನಟನ ಒಂದು ಲೈಕ್‌ನಿಂದ ಶುರುವಾದದ್ದು ಇದು.

ಕನ್ನಡಿಗರಿಗೆ ಅಭಿಮಾನಿಗಳ ರಾಜಕೀಯ ಹೊಸತೇನಲ್ಲ. 1982ರ ಗೋಕಾಕ್ ಚಳವಳಿ ಊರೂರಿಗೆ ಹಬ್ಬಿದ್ದರ ಹಿಂದೆ ಡಾ. ರಾಜ್‌ಕುಮಾರ್ ಮಾತ್ರವಲ್ಲ, ಅವರ ಅಭಿಮಾನಿ ಸಂಘಗಳ ಜಾಲವೂ ಇತ್ತು. ಆಗ ಗೋಡೆಬರಹ ಮತ್ತು ಕರಪತ್ರ, ಈಗ ಸ್ಟೇಟಸ್ ಮತ್ತು ರೀಲ್ಸ್. 2019ರ ಮಂಡ್ಯ ಲೋಕಸಭಾ ಚುನಾವಣೆಯಲ್ಲಿ ಎರಡೂ ಕೂಡಿದವು. ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಪರ ನಟರಾದ ದರ್ಶನ್, ಯಶ್ ಹಳ್ಳಿಹಳ್ಳಿ ತಿರುಗಿ ‘ಜೋಡೆತ್ತು’ ಎನಿಸಿಕೊಂಡರು. ಎದುರಾಳಿ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್. ನಿಖಿಲ್ ನಟಿಸಿದ ‘ಜಾಗ್ವಾರ್’ ಚಿತ್ರದ ಹಾಡುಗಳ ಬಿಡುಗಡೆ ಸಮಾರಂಭದ ಹಳೆಯ ತುಣುಕೊಂದನ್ನು ಆಗ ಯಾರೋ ಹೆಕ್ಕಿ ತೆಗೆದರು. ವೇದಿಕೆಯಿಂದ ತಂದೆ ‘ನಿಖಿಲ್ ಎಲ್ಲಿದೀಯಪ್ಪಾ’ ಎಂದು ಕೂಗುತ್ತಾರೆ, ಜನರ ನಡುವಿನಿಂದ ಮಗ ಉತ್ತರ ಕೊಡುತ್ತಾನೆ. ಅಭಿಮಾನಿಗಳನ್ನು ಮೆಚ್ಚಿಸಲೆಂದು ಆಡಿದ ಆ ಮಾತು ಮೂರು ವರ್ಷದ ಮೇಲೆ ತಿರುಗುಬಾಣವಾಯಿತು. ಮೀಮ್, ಡಿಜೆ ರೀಮಿಕ್ಸ್, ಟಿಕ್‌ಟಾಕ್ ಎಲ್ಲದರಲ್ಲೂ ಅದೇ ಪ್ರಶ್ನೆ. ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮೀಮ್‌ನಿಂದಲೇ ಗೆದ್ದರು ಎನ್ನುವುದು ಮಂಡ್ಯದ ಮತದಾರರಿಗೆ ಮಾಡುವ ಅವಮಾನ. ಆದರೆ ಆ ಚುನಾವಣೆಯ ನೆನಪು ತೆಗೆದರೆ ಇಂದಿಗೂ ಮೊದಲು ಬಾಯಿಗೆ ಬರುವುದು ಭಾಷಣವಲ್ಲ, ಆ ಮೀಮ್.

ಈ ಅಭಿಮಾನಿ ಪಡೆಗೆ ಇನ್ನೊಂದು ಮುಖವೂ ಇದೆ. ಕೊಲೆ ಪ್ರಕರಣವೊಂದರಲ್ಲಿ ಆರೋಪಿಯಾಗಿರುವ ದರ್ಶನ್ ಅವರಿಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನಿನ ಕುರಿತು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ವಿಚಾರಣೆ ನಡೆದಾಗ, ನಟಿ, ಮಾಜಿ ಸಂಸದೆ ರಮ್ಯಾ ತಮ್ಮ ಅಭಿಪ್ರಾಯವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಅದಕ್ಕೆ ಬಂದ ಅಶ್ಲೀಲ ಬೈಗುಳ, ಬೆದರಿಕೆಗಳನ್ನು ಹಿಡಿದು ಅವರು 43 ಖಾತೆಗಳ ವಿರುದ್ಧ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು. ಬಂಧನಗಳೂ ಆದವು. ಹೊತ್ತು ನೋಡಿ ಟ್ಯಾಗ್ ಬಿಡುವ, ಒಂದೇ ಏಟಿಗೆ ಸಾವಿರ ಜನ ಮುಗಿಬೀಳುವ ಕಲೆಯನ್ನು ಒಬ್ಬ ಹೆಂಗಸಿನ ಮೇಲೆ ತಿರುಗಿಸುವುದು ಕಷ್ಟವೇನಲ್ಲ. ಅಭಿಮಾನಿ ದೇವರುಗಳು ಎಂದು ಕೈಮುಗಿದ ನಟನ ನಾಡಿನಲ್ಲಿ ಈ ಮಾತು ಬರೆಯಲು ಹಿಂಜರಿಕೆಯಾದರೂ ಬರೆಯದೆ ವಿಧಿಯಿಲ್ಲ.

ಬೈಗುಳಕ್ಕೂ ಅಭಿಪ್ರಾಯಕ್ಕೂ ನಡುವೆ ಕಾನೂನು ಗೆರೆ ಎಳೆಯುವುದು ಹೇಗೆ ಎಂಬುದು ಬೇರೆಯೇ ತಲೆನೋವು. ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ 2012ರಲ್ಲಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು, ಇಬ್ಬರನ್ನೂ ಬಂಧಿಸಿದರು. ಅದರ ಬೆನ್ನಿಗೆ ಹೂಡಿದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಇಂಥ ಬಂಧನಗಳಿಗೆ ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ರದ್ದು ಮಾಡಿತು. ಆಮೇಲೂ ವರ್ಷಗಟ್ಟಲೆ ಪೊಲೀಸರು ಅದೇ ಕಲಮಿನಡಿ ಕೇಸು ಹಾಕುತ್ತಲೇ ಇದ್ದರು ಎಂದು ತಿಳಿದು 2021ರಲ್ಲಿ ನ್ಯಾಯಾಲಯವೇ ದಂಗಾಯಿತು.

ಮಾತಿಗಿಂತ ಚಿತ್ರದ ಪಾಡು ಇನ್ನೂ ವಿಚಿತ್ರ. ಕಾಸರಗೋಡಿನ ಕುಂಬಳೆಯ ಗ್ರಾಫಿಕ್ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಗೆಳೆಯರ ಗಣೇಶೋತ್ಸವದ ಬಾವುಟಕ್ಕೆಂದು ಒಂದು ಹನುಮಂತನ ಮುಖ ಬಿಡಿಸಿದರು. ಕಪ್ಪು, ಕೇಸರಿ ಎರಡೇ ಬಣ್ಣ, ಅರ್ಧ ಮುಖ ನೆರಳಿನಲ್ಲಿ, ಗಂಟಿಕ್ಕಿದ ಹುಬ್ಬು. ವಾಟ್ಸ್ಆ್ಯಪ್ ಡಿಪಿಯಾಗಿ ಶುರುವಾಗಿ ಎರಡು ವರ್ಷದಲ್ಲಿ ಅದು ಬೆಂಗಳೂರಿನ ಕಾರು, ಬೈಕುಗಳ ಮೇಲೆಲ್ಲ ಕೂತಿತು. 2018ರ ಮೇನಲ್ಲಿ ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆ ಮಂಗಳೂರಿಗೆ ಬಂದ ಪ್ರಧಾನಿ ನರೇಂದ್ರ ಮೋದಿ ಆ ಕಲಾವಿದನನ್ನು ವೇದಿಕೆಯಿಂದಲೇ ಹೊಗಳಿದರು. ಅಷ್ಟರಲ್ಲಾಗಲೇ ಇದು ಭಕ್ತಿಯೋ ಬೆದರಿಕೆಯೋ ಎಂಬ ಜಗಳ ಪತ್ರಿಕೆಗಳಲ್ಲಿ ನಡೆದಿತ್ತು. ತಾನು ಕೋಪದ ಹನುಮನನ್ನು ಬರೆದಿಲ್ಲ, ಗತ್ತಿನ ಹನುಮನನ್ನು ಬರೆದೆ ಎಂಬುದು ಕಲಾವಿದನ ಮಾತು. ಆ ಹೊತ್ತಿಗೆ ಅದನ್ನು ಕೇಳುವ ವ್ಯವಧಾನ ಹೊಗಳುವವರಿಗೂ ಇರಲಿಲ್ಲ, ತೆಗಳುವವರಿಗೂ ಇರಲಿಲ್ಲ. ಭಕ್ತಿಚಿತ್ರವನ್ನು ಫ್ಯಾನ್ ಆರ್ಟ್ ಎನ್ನುವುದು ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಗೆಳೆಯರಿಗೆಂದು ಪ್ರೀತಿಯಿಂದ ಬರೆದದ್ದು ಊರೆಲ್ಲ ಸುತ್ತಿ ಬೇರೆ ಅರ್ಥ ಹೊತ್ತು ಬರುವ ರೀತಿಯಂತೂ ಎರಡರಲ್ಲೂ ಒಂದೇ.

ಅಮೆರಿಕದ ಮ್ಯಾಟ್ ಫ್ಯೂರಿ ಈ ಅನುಭವವನ್ನು ಇನ್ನೂ ಕಹಿಯಾಗಿ ಕಂಡವರು. 2005ರಲ್ಲಿ ತಮ್ಮ ‘ಬಾಯ್ಸ್ ಕ್ಲಬ್’ ಕಾಮಿಕ್ಸ್‌ಗೆಂದು ಅವರು ಬರೆದ ಪೆಪೆ ಎಂಬ ಸೋಮಾರಿ ಕಪ್ಪೆಯನ್ನು ಜಾಲತಾಣಿಗರು ತಿದ್ದಿ ತೀಡಿ ಹರಡುತ್ತ ಹೋದರು, ಕೊನೆಗೆ ಜನಾಂಗದ್ವೇಷಿ ಗುಂಪುಗಳು ಅದನ್ನು ಎತ್ತಿಕೊಂಡವು. ದ್ವೇಷ ಕಾರುವ ಹಲವು ಮೀಮ್‌ಗಳಲ್ಲಿ ಅದು ಕಾಣಿಸಿಕೊಂಡದ್ದರಿಂದ 2016ರಲ್ಲಿ ಯಹೂದಿಗಳ ಹಕ್ಕುಗಳ ಸಂಸ್ಥೆಯೊಂದು ಅದನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಿತು. ಮರುವರ್ಷ ಫ್ಯೂರಿ ಪೆಪೆಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ ಚಿತ್ರ ಬರೆದರು. ಪೆಪೆ ಸಾಯಲಿಲ್ಲ. 2019ರಲ್ಲಿ ಹಾಂಕಾಂಗ್‌ನ ಹುಡುಗ ಹುಡುಗಿಯರು ಅದೇ ಕಪ್ಪೆಗೆ ಹಳದಿ ಹೆಲ್ಮೆಟ್ ತೊಡಿಸಿ, ಕಣ್ಣಿಗೆ ಪಟ್ಟಿ ಕಟ್ಟಿ ಪ್ರಜಾಪ್ರಭುತ್ವದ ಹೋರಾಟಕ್ಕೆ ಕರೆತಂದರು. ಅವರಲ್ಲಿ ಹೆಚ್ಚಿನವರಿಗೆ ಅಮೆರಿಕದ ಜಗಳ ಗೊತ್ತೇ ಇರಲಿಲ್ಲ, ಅದೊಂದು ಮುದ್ದಾದ ಅಳುಮುಂಜಿ ಕಪ್ಪೆ ಅಷ್ಟೇ. ಸುದ್ದಿ ತಿಳಿದು ಫ್ಯೂರಿ ಸಂತೋಷಪಟ್ಟರು. ಅದೇ ವರ್ಷ ಜೂನ್‌ನಲ್ಲಿ, ಪೆಪೆಯನ್ನು ಟ್ರಂಪ್ ಜೊತೆ ಪೋಸ್ಟರ್‌ನಲ್ಲಿ ನಿಲ್ಲಿಸಿ ಮಾರಿದ್ದ ‘ಇನ್ಫೊವಾರ್ಸ್’ ಸಂಸ್ಥೆಯ ಮೇಲೆ ಅವರು ಹೂಡಿದ್ದ ಹಕ್ಕುಸ್ವಾಮ್ಯದ ದಾವೆ ರಾಜಿಯಾಗಿ ಮುಗಿದಿತ್ತು. ಸಿಕ್ಕ ಪರಿಹಾರ 15,000 ಡಾಲರ್. ಅದರಲ್ಲಿ 1,000 ಡಾಲರ್ ಕಪ್ಪೆಗಳ ಸಂರಕ್ಷಣೆಗೆ ದುಡಿಯುವ ಸಂಸ್ಥೆಗೆ ಹೋಯಿತು.